ಮಾಸಿದ ಲಿಪಿಯೂ ಗಣಿತದ ಕಣ್ಣೂ



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯು ಬರಹದಲ್ಲಿ ಬಡವಾದುದಲ್ಲ. ಹುಂಚದ ಸಾಂತರರ ಶಾಸನಗಳು, ಕೆಳದಿ ಇಕ್ಕೇರಿಗಳ ಕಲ್ಬರಹಗಳು, ಊರೂರ ವೀರಗಲ್ಲುಗಳು, ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಉಳಿದ ಓಲೆಗರಿಯ ಕಟ್ಟುಗಳು, ಇವೆಲ್ಲ ಪೂರ್ವಿಕರ ವಾಣಿಯೇ ಸರಿ. ಆದರೆ ಆಗುಂಬೆಯ ಮಳೆ ಸುರಿಯುವ ಈ ನಾಡಿನಲ್ಲಿ ತೇವವೂ ಗೆದ್ದಲೂ ಪಾಚಿಯೂ ಆ ವಾಣಿಯನ್ನು ವರ್ಷವರ್ಷಕ್ಕೂ ಅಡಗಿಸುತ್ತಿರುವುವು. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ಣಾಟಿಕಾದ ಎಂಟನೆಯ ಸಂಪುಟದಲ್ಲಿ ಸೊರಬದೊಡನೆ ಸಾಗರ, ತೀರ್ಥಹಳ್ಳಿ, ಅಂದು ನಗರವೆಂದು ಕರೆಯುತ್ತಿದ್ದ ತಾಲ್ಲೂಕು, ಇವುಗಳ ಶಾಸನಗಳು ಸೇರಿವೆ. ಅದರಲ್ಲಿ ಪಾಠದ ನಡುವೆ ಚುಕ್ಕಿಗಳ ಸಾಲು ಬಂದೆಡೆ ಅಕ್ಷರವು ಆಗಲೇ ಹೋಗಿತ್ತೆಂದು ತಿಳಿಯಬೇಕು. ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಪಡಿಯಚ್ಚಿಗೆ ಸಿಕ್ಕದುದು ಕೈಬಿಟ್ಟಿತೆಂದೇ ಭಾವನೆಯಿತ್ತು.

ಹಾಗೆ ಕೈಬಿಟ್ಟುದರಲ್ಲಿ ಕೆಲವನ್ನು ಡಿಜಿಟಲ್ ಚಿತ್ರಸಂಸ್ಕರಣವೆಂಬ ವಿದ್ಯೆಯು ಮರಳಿ ಕೊಡಬಲ್ಲದು. ಅದರ ಮರ್ಮವು ಸರಳವಾದುದು. ಚಿತ್ರವನ್ನು ಅತಿ ಸಣ್ಣ ಚೌಕಗಳಾಗಿ ಒಡೆದು ಒಂದೊಂದಕ್ಕೂ ಅದರ ಬೆಳಕಿಗೆ ತಕ್ಕ ಅಂಕಿಯನ್ನು ಕೊಡುವರು. ಸಾಮಾನ್ಯವಾಗಿ ಕಪ್ಪಿಗೆ ೦, ಬಿಳುಪಿಗೆ ೨೫೫. ಚಿತ್ರವು ಅಂಕಿಗಳಾದ ಮೇಲೆ ಲೆಕ್ಕವು ಮೊದಲಾಗುವುದು. ಕಂದಿದ ಓಲೆಯಲ್ಲಿ ಅಕ್ಷರವು ೯೦, ಗರಿಯು ೧೧೦ ಎಂದಿಟ್ಟುಕೊಂಡರೆ ಕಣ್ಣಿಗೆ ಎರಡೂ ಹೆಚ್ಚು ಕಡಮೆ ಒಂದೇ. ಆ ಅಲ್ಪವಾದ ಅಂತರವನ್ನು ೦ಯಿಂದ ೨೫೫ರವರೆಗೆ ಹಿಗ್ಗಿಸಿದರೆ ಅಕ್ಷರವು ಮೇಲೇಳುವುದು. ಬಳಿಕ ಒಂದು ಅಂಕಿಯನ್ನು ಗಡಿಯಾಗಿಟ್ಟು, ಕೆಳಗಿನದು ಅಕ್ಷರ, ಮೇಲಿನದು ಗರಿ ಎಂದು ಬೇರ್ಪಡಿಸುವುದುಂಟು. ಬೆಟ್ಟೆಯನ್ನೂ ಗೊರಬಲನ್ನೂ ಕಣ್ಣಳತೆಯಿಂದ ಆರಿಸುವ ಅಡಕೆಯ ನಾಡಿನವರಿಗೆ ಇದನ್ನು ಬಹಳ ವಿವರಿಸಬೇಕಾದುದಿಲ್ಲ.

ಕನ್ನಡನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ೨೦೦೫ರ ಸುಮಾರಿನಲ್ಲಿ ಅಮೆರಿಕೆಯ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಎಂಬ ವಿದ್ವಾಂಸರು ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರಾಚೀನ ಓಲೆಪ್ರತಿಯ ಚಿತ್ರಗಳನ್ನು ತೆಗೆದರು. ಗ್ರೀಕ್ ಗಣಿತಜ್ಞನಾದ ಆರ್ಕಿಮಿಡೀಸನ ಬರಹವನ್ನು ಕೆರೆದು ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದ ಚರ್ಮದ ಹಾಳೆಗಳಿಂದ ಅಡಗಿದ ಲಿಪಿಯನ್ನು ಓದಿಸಿದವರಲ್ಲಿ ಈಸ್ಟನ್ನರೂ ಒಬ್ಬರು. ಉಡುಪಿಯಲ್ಲಿ ನೆರವಾದುದು ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಮುಪ್ಪಿನಿಂದ ಕಂದಿದ ಗರಿಯು ಆ ಬೆಳಕಿನಲ್ಲಿ ತಿಳಿಯಾಗಿ ತೋರುವುದು. ಕಂಟದಿಂದ ಕೊರೆದ ಗೆರೆಯೊಳಗೆ ತುಂಬಿದ ಕಾಡಿಗೆಯು ಮಾತ್ರ ಕಪ್ಪಾಗಿಯೇ ನಿಲ್ಲುವುದು. ಕಲ್ಲಿಗಾದರೆ ಬೇರೆಯ ಉಪಾಯ. ಓರೆಯಾದ ಬೆಳಕನ್ನು ಹಲವು ದಿಕ್ಕುಗಳಿಂದ ಬೀರಿ ಚಿತ್ರ ತೆಗೆದರೆ, ಇಲ್ಲವೆ ಯಂತ್ರದಿಂದ ತಗ್ಗುದಿಣ್ಣೆಗಳನ್ನೇ ಅಳೆದರೆ, ಸವೆದ ಗೆರೆಯು ಪತ್ತೆಯಾಗುವುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ನಗರದ ಶಾಸನಗಳನ್ನು ಈಚಿನ ವರ್ಷಗಳಲ್ಲಿ ಹೀಗೆ ಅಳೆದಿಟ್ಟಿರುವರು.

ಆದರೆ ಯಂತ್ರಕ್ಕೆ ಲಿಪಿಜ್ಞಾನವಿಲ್ಲ. ಹುಳು ಕೊರೆದ ತೂತು ಅದಕ್ಕೆ ಸೊನ್ನೆಯಾಗಿ ಕಾಣಬಹುದು. ಒಂದು ಗೀರು ಬಿದ್ದು 'ಪ'ಕಾರವು 'ಷ'ಕಾರವಾಗಬಹುದು. ಇದಕ್ಕಿಂತಲೂ ಅಪಾಯಕರವಾದುದು ಚಿತ್ರವನ್ನು ಶುಚಿಮಾಡುವ ಆತುರ. ಚೆಲ್ಲಿದ ಕಲೆಗಳನ್ನು ತೊಡೆಯುವ ಲೆಕ್ಕವು ನಿಜವಾದ ಸೊನ್ನೆಯನ್ನೂ ಕಲೆಯೆಂದೇ ತೊಡೆದುಬಿಡುವುದು, ತೊಡೆದುದರ ಗುರುತನ್ನೂ ಉಳಿಸದು. ಚೆಲುವಾಗಿ ಕಾಣುವ ಪ್ರತಿಗಿಂತ ಮಾಸಿದ ಮೂಲಚಿತ್ರವೇ ಹೆಚ್ಚು ನಂಬುಗೆಯದು. ಆದುದರಿಂದ ಮೊದಲು ತೆಗೆದ ಚಿತ್ರವನ್ನು ಮುಟ್ಟದೆ ಇಟ್ಟು, ಸಂಸ್ಕರಿಸಿದುದನ್ನು ಬೇರೆಯಾಗಿ ಇರಿಸಿ, ಯಾವ ಲೆಕ್ಕ ನಡೆಯಿತೆಂಬುದನ್ನು ಅದರೊಡನೆ ಬರೆದಿಡಬೇಕು. ಚಿತ್ರವಾಯಿತೆಂದು ಗರಿಯನ್ನು ಕಡೆಗಣಿಸುವುದೂ ಸಲ್ಲದು. ಮುಂದೆ ಇದಕ್ಕಿಂತ ಸೂಕ್ಷ್ಮವಾದ ಕಣ್ಣು ಬಂದಾಗ ಅದಕ್ಕೆ ನೋಡಲು ಗರಿಯೇ ಬೇಕು.

ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗಳು ಸಂಗ್ರಹವಾಗಿರುವುವು. ಮನೆಗಳಲ್ಲಿ ಉಳಿದಿರುವ ಕಟ್ಟುಗಳ ಗತಿಯೇ ಚಿಂತೆಗೆ ಕಾರಣವಾದುದು. ಅಂಥವನ್ನು ಕ್ಯಾಮೆರಾದ ಮುಂದೆ ಬಿಚ್ಚುವ ಮುನ್ನ ಗರಿಗಳ ಕ್ರಮವನ್ನು ಗುರುತಿಸಿಕೊಳ್ಳಬೇಕು. ದಾರ ಹರಿದ ಕಟ್ಟುಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಉಚಿತ. ಮಳೆಗಾಲಕ್ಕೆ ಮೊದಲೇ ಆದರೆ ಲೇಸು.