ಷೇರುದಾರನ ಸಂಪತ್ತು: ದೊಡ್ಡ ಕಂಪನಿಯಲ್ಲಿ, ಸಣ್ಣ ಅಂಗಡಿಯಲ್ಲಿ

(ಕೂಟದ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಬರಹರೂಪ)



ಹಣಕಾಸಿನ ವಿಷಯ ಮಾತನಾಡಲು ವೈದ್ಯರನ್ನೇಕೆ ಕರೆದರು ಎಂಬ ಸಂದೇಹ ತಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ನಾವು ಊರಿನಲ್ಲಿ ಕಲಿತದ್ದು ಎಂ.ಬಿ.ಬಿ.ಎಸ್., ಇಲ್ಲಿ ಮುಗಿಸಿದ್ದು ರೆಸಿಡೆನ್ಸಿ. ಆದರೆ ಈ ದೇಶದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವವರಿಗೆ ಸ್ಟೆತೊಸ್ಕೋಪಿನಷ್ಟೇ ಲೆಕ್ಕದ ಪುಸ್ತಕವೂ ಅಗತ್ಯ. ಇಂದು ನಾವು ಹೇಳಬೇಕೆಂದಿರುವುದು ಇಷ್ಟೇ: ಲಾಭವೆಂದು ಬರೆದದ್ದೆಲ್ಲ ಲಾಭವಲ್ಲ. ಹಾಕಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ನಗದಾಗಿ ಕೈಸೇರಿದಾಗ ಮಾತ್ರ ಒಡೆಯನ ಸಂಪತ್ತು ಬೆಳೆಯುತ್ತದೆ.

ಮೊದಲು ಅಟ್ಲಾಂಟಾದ ಉದಾಹರಣೆ. ಕ್ಯೂಬಾದ ಕ್ರಾಂತಿಯ ತರುವಾಯ ಈ ದೇಶಕ್ಕೆ ವಲಸೆ ಬಂದ ಕೆಮಿಕಲ್ ಇಂಜಿನಿಯರು ರಾಬರ್ಟೊ ಗೋಯ್ಸ್ವೆಟಾ 1981ರಲ್ಲಿ ಕೋಕಾ-ಕೋಲಾ ಕಂಪನಿಯ ಮುಖ್ಯಸ್ಥರಾದರು. ಸಾಲದ ಹಣಕ್ಕೆ ಬಡ್ಡಿ ಕಟ್ಟುತ್ತೇವೆ, ಹಾಗಾದರೆ ಷೇರುದಾರನ ಹಣ ಪುಕ್ಕಟೆಯೇ ಎಂಬುದೇ ಅವರ ವಿಚಾರದ ತಿರುಳು. ಒಂದು ಉದ್ಯಮದಲ್ಲಿ 1,00,000 ಡಾಲರು ಹಾಕಿದ್ದೇವೆ, ವರ್ಷಕ್ಕೆ 6,000 ಬರುತ್ತಿದೆ ಎಂದುಕೊಳ್ಳಿ. ಅಷ್ಟೇ ಅಪಾಯದ ಬೇರೊಂದು ಕಡೆ 10,000 ಬರುವಂತಿದ್ದರೆ, ಲೆಕ್ಕಪತ್ರ 6,000 ಲಾಭ ತೋರಿಸಿದರೂ ಒಡೆಯನಿಗೆ 4,000 ನಷ್ಟವೇ ಸರಿ. ಈ ಅಳತೆಗೆ ನಿಲ್ಲದ ಉದ್ಯಮಗಳನ್ನು ಅವರು ಕೈಬಿಟ್ಟರು. 1983ರಲ್ಲಿ ದ್ರಾಕ್ಷಾರಸದ ವ್ಯಾಪಾರವನ್ನೇ ಮಾರಿದರು. 1997ರಲ್ಲಿ ಅವರು ಗತಿಸುವ ಹೊತ್ತಿಗೆ, ಸುಮಾರು 4 ಬಿಲಿಯನ್ ಡಾಲರಿನಷ್ಟಿದ್ದ ಕಂಪನಿಯ ಮಾರುಕಟ್ಟೆ ಮೌಲ್ಯ 140 ಬಿಲಿಯನ್ನನ್ನು ಮೀರಿತ್ತು. ಮಾರುಕಟ್ಟೆಯೇ ಏರುತ್ತಿದ್ದ ಕಾಲವದು ಎಂಬುದನ್ನೂ ಮರೆಯಬಾರದು. 1998ರ ಬೇಸಗೆಯಲ್ಲಿ ಮುಟ್ಟಿದ ಬೆಲೆಯನ್ನು ಆ ಷೇರು ದಾಟಲು ಹದಿನೈದು ವರ್ಷಗಳಿಗೂ ಮಿಕ್ಕಿ ಬೇಕಾಯಿತು. ಕಂಪನಿ ಉತ್ತಮವೆಂದ ಮಾತ್ರಕ್ಕೆ ಯಾವ ಬೆಲೆಗಾದರೂ ಕೊಳ್ಳಬಹುದೆಂದಲ್ಲ.

ಇನ್ನು ನಮ್ಮ ವಾಷಿಂಗ್ಟನ್ನಿನ ವಿಚಾರ. ಇಲ್ಲಿಯೇ ಕೇಂದ್ರ ಕಚೇರಿಯಿದ್ದ ಎಂ.ಸಿ.ಐ. ದೂರವಾಣಿ ಕಂಪನಿಯನ್ನು 1998ರಲ್ಲಿ ಮಿಸಿಸಿಪಿಯ ವರ್ಲ್ಡ್‌ಕಾಮ್ ಕೊಂಡಿತು. ಇತರ ಕಂಪನಿಗಳ ತಂತಿಗಳನ್ನು ಬಳಸಿದ್ದಕ್ಕೆ ಕೊಡುವ ಬಾಡಿಗೆ ಆಯಾ ವರ್ಷದ ಖರ್ಚು. ವರ್ಲ್ಡ್‌ಕಾಮ್ ಅದನ್ನು ಆಸ್ತಿಯೆಂದು ಬರೆದುಕೊಂಡಿತು. ದಿನಸಿ ತಂದು, ಉಂಡು ಮುಗಿಸಿ, ಅದನ್ನೇ ಮನೆಯ ಆಸ್ತಿಯ ಪಟ್ಟಿಗೆ ಸೇರಿಸಿದ ಹಾಗೆ! 2002ರ ಜೂನಿನಲ್ಲಿ ಬಯಲಾದದ್ದು 3.8 ಬಿಲಿಯನ್ ಡಾಲರು. ವಿಚಾರಣೆ ಮುಗಿಯುವಾಗ ಒಟ್ಟು ತಪ್ಪು ಲೆಕ್ಕ ಸುಮಾರು 11 ಬಿಲಿಯನ್ನಿಗೆ ಮುಟ್ಟಿತ್ತು. ಜುಲೈನಲ್ಲಿ ಕಂಪನಿ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ನಿವೃತ್ತಿಯ ಉಳಿತಾಯವನ್ನು ಅದೇ ಷೇರಿನಲ್ಲಿ ಇಟ್ಟಿದ್ದ ನೌಕರರು ಕೆಲಸದೊಡನೆ ಉಳಿತಾಯವನ್ನೂ ಕಳೆದುಕೊಂಡರು.

ಲಾಭದ ಅಂಕಿಯನ್ನು ಹೀಗೆ ತಿದ್ದಬಹುದು. ಆದರೆ ವ್ಯವಹಾರದಿಂದ ಬಂದ ನಗದಿನಲ್ಲಿ ಆಸ್ತಿಗೆ ಹಾಕಿದ ನಗದನ್ನು ಕಳೆದರೆ ಉಳಿಯುವ ಮೊತ್ತವನ್ನು ಈ ಕೈಚಳಕ ಬದಲಿಸಲಾರದು. ರೋಗಿ ತಾನು ಆರೋಗ್ಯವಾಗಿದ್ದೇನೆಂದು ಎಷ್ಟೇ ಹೇಳಲಿ, ವೈದ್ಯನು ನಾಡಿ ಹಿಡಿದು ನೋಡುತ್ತಾನೆ. ಕಂಪನಿಯ ವಾರ್ಷಿಕ ವರದಿಯಲ್ಲಿ ಆ ನಾಡಿಯೆಂದರೆ ನಗದು ಹರಿವಿನ ಪಟ್ಟಿ.

ಉತ್ತರ ಕೆರೊಲಿನಾದ ಷಾರ್ಲಟ್ಟಿನ ವಾಕೋವಿಯಾ ಬ್ಯಾಂಕಿನದು ಬೇರೊಂದು ಪಾಠ. ಅದು 2006ರಲ್ಲಿ ಸುಮಾರು 25 ಬಿಲಿಯನ್ ಡಾಲರಿಗೆ ಕ್ಯಾಲಿಫೋರ್ನಿಯಾದ ಗೋಲ್ಡನ್ ವೆಸ್ಟ್ ಎಂಬ ಗೃಹಸಾಲದ ಸಂಸ್ಥೆಯನ್ನು ಕೊಂಡಿತು. ಮನೆಗಳ ಬೆಲೆ ಕುಸಿಯಿತು, ಸಾಲಗಳು ಕೆಟ್ಟವು. 2007ರಲ್ಲಿ 50 ಡಾಲರಿಗೂ ಮೇಲಿದ್ದ ಷೇರಿಗೆ 2008ರ ಅಕ್ಟೋಬರಿನಲ್ಲಿ ವೆಲ್ಸ್ ಫಾರ್ಗೊ ಕೊಡಲೊಪ್ಪಿದ್ದು ಸುಮಾರು 7 ಡಾಲರು. ಸಂಬಳ ಬರುವ ಕಡೆಯೇ ಉಳಿತಾಯವನ್ನೂ ಇಡಬಾರದು ಎಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

ಸಣ್ಣ ವ್ಯವಹಾರಕ್ಕೆ ಬರೋಣ. ನಮ್ಮವರ ದಿನಸಿ ಅಂಗಡಿ, ಉಪಾಹಾರ ಗೃಹ, ಚಿಕಿತ್ಸಾಲಯಗಳಲ್ಲಿ ಷೇರುದಾರರೆಂದರೆ ಗಂಡ, ಹೆಂಡತಿ, ಮಕ್ಕಳು. ಇಲ್ಲಿ ಲೆಕ್ಕ ತಪ್ಪಿದರೆ ಬೀಳುವುದು ಷೇರಿನ ಬೆಲೆಯಲ್ಲ, ಮಕ್ಕಳ ಕಾಲೇಜಿನ ಹಣ. ಕೆಲವೊಮ್ಮೆ ಇರುವ ಮನೆ. ಚಿಕಿತ್ಸಾಲಯವನ್ನೇ ನೋಡಿ. ಇಂದು ನೋಡಿದ ರೋಗಿಯ ಹಣ ವಿಮಾ ಕಂಪನಿಯಿಂದ ಬರಲು ಎರಡು ಮೂರು ತಿಂಗಳು ಹಿಡಿಯಬಹುದು. ನೌಕರರ ಸಂಬಳ ಎರಡು ವಾರಕ್ಕೊಮ್ಮೆ, ಬಾಡಿಗೆ ತಿಂಗಳ ಮೊದಲ ದಿನ. ರೋಗಿಗಳು ಹೆಚ್ಚಿದಂತೆಲ್ಲ ಬರಬೇಕಾದ ಬಾಕಿ ಬೆಳೆಯುತ್ತದೆ, ಕೈಯಲ್ಲಿರುವ ನಗದು ಕರಗುತ್ತದೆ. ಕಾಗದದ ಮೇಲೆ ಲಾಭವಿದ್ದೂ ವ್ಯವಹಾರಗಳು ಮುಚ್ಚುವುದು ಹೀಗೆ.

ಆದ್ದರಿಂದ ಮೂರು ಮಾತು ನೆನಪಿಡಬೇಕು. ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತಿದೆಯೆಂದು ಪ್ರತಿ ತಿಂಗಳೂ ನೋಡಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಸಂಬಳವಿಲ್ಲದೆ ಕೂರುವ ಮನೆಯವರ ದುಡಿಮೆಗೂ ಬೆಲೆ ಕಟ್ಟಿ, ಅದನ್ನು ಕಳೆದ ಮೇಲೆ ಉಳಿದುದನ್ನೇ ಲಾಭವೆನ್ನಬೇಕು. ಮೂರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿರದೆ ಎರಡನೆಯ ಅಂಗಡಿ ತೆರೆಯಬಾರದು. ಅದಕ್ಕಾಗಿ ಮನೆಯನ್ನಂತೂ ಒತ್ತೆಯಿಡಬಾರದು.

ಇದನ್ನು ನಾವು ಅಮೆರಿಕದಿಂದಲೇ ಕಲಿಯಬೇಕಾಗಿಲ್ಲ. ನಮ್ಮ ಹಾಗೆಯೇ ವೃತ್ತಿಯಿಂದ ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ ಅವರು ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ 1925ರಲ್ಲಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದಾಗ ಇದ್ದ ಬಂಡವಾಳ 8,000 ರೂಪಾಯಿ. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನವರು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಜಮೆ ಮಾಡಿಕೊಳ್ಳುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಆ ಸಂಸ್ಥೆ ಬೆಳೆದದ್ದು ಹೀಗೆ ದಿನದಿನವೂ ಎಣಿಸಿದ ನಗದಿನಿಂದ.

ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹನಿ ನಿಜವಾಗಿ ಬಿದ್ದಿದೆಯೇ ಎಂದು ಪಾತ್ರೆಯೊಳಗೆ ಇಣುಕಿ ನೋಡುವುದು ನಮ್ಮ ಕೆಲಸ.