ಗ್ರಾಮಯೋಜನೆಯೂ ಗ್ರಾಮಸ್ಥರ ಸಂಕಲ್ಪವೂ

 

ಮಠದ ಜಾತ್ರೆಯು ಸಮೀಪಿಸಿತೆಂದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರ ಆಜ್ಞೆಯೂ ಇಲ್ಲದೆ ಕಾರ್ಯಗಳು ಹಂಚಿಕೆಯಾಗುವವು. ಒಂದು ಊರಿನವರು ದಾಸೋಹಕ್ಕೆ ಜೋಳವನ್ನು ತರುವರು. ಇನ್ನೊಂದು ಊರಿನವರು ಕಟ್ಟಿಗೆಯನ್ನು ಒದಗಿಸುವರು. ಮತ್ತೊಂದು ಊರಿನವರು ತೇರನ್ನು ಸಜ್ಜುಗೊಳಿಸುವರು. ಎಷ್ಟು ಜನರು ಉಣ್ಣುವರು, ಎಷ್ಟು ಧಾನ್ಯ ಬೇಕು, ನೀರು ಎಲ್ಲಿಂದ ಬರಬೇಕು ಎಂಬ ಲೆಕ್ಕವನ್ನು ಓದುಬರಹ ಬಾರದ ಮುದುಕರೂ ತಪ್ಪಿಲ್ಲದೆ ಹೇಳುವರು. ಇದೇ ಜನರು ಜಾತ್ರೆ ಮುಗಿಸಿ ತಮ್ಮ ಊರಿಗೆ ಹೋದ ಬಳಿಕ, ಓಣಿಯ ಗಟಾರವು ಒಡೆದಿರಲಿ, ಕೆರೆಯಲ್ಲಿ ಹೂಳು ತುಂಬಿರಲಿ, ಶಾಲೆಯ ಮಾಳಿಗೆ ಸೋರುತ್ತಿರಲಿ, ‘ಅದು ಪಂಚಾಯತಿಯವರ ಕೆಲಸ; ಸರಕಾರದವರು ಮಾಡಲಿ’ ಎಂದು ಸುಮ್ಮನಿರುವರು. ಜಾತ್ರೆಯು ತಮ್ಮದು, ಊರು ಮಾತ್ರ ಪರರದು ಎಂಬಂತಾಗಿರುವದು. ಈ ಭೇದವು ಹೇಗೆ ಉಂಟಾಯಿತು, ಹೇಗೆ ಅಳಿಯುವದು ಎಂಬುದೇ ಈ ಭಾಷಣದ ವಿಷಯವು.

ಗ್ರಾಮಾಭಿವೃದ್ಧಿ ಯೋಜನೆ ಎಂಬ ಶಬ್ದವು ಈಗ ಎಲ್ಲರ ಕಿವಿಗೂ ಪರಿಚಿತವು. ಆದರೆ ಬಹಳ ಕಡೆಗಳಲ್ಲಿ ಯೋಜನೆಯೆಂಬ ಹೆಸರಿನಿಂದ ಬರೆಯಲ್ಪಡುವದು ಬೇಡಿಕೆಗಳ ಯಾದಿಯು. ಯಾದಿಯಲ್ಲಿ ‘ಇದು ಬೇಕು, ಅದು ಬೇಕು’ ಎಂಬ ಮಾತೊಂದೇ ಇರುವದು. ನಿಜವಾದ ಯೋಜನೆಯಲ್ಲಿ ನಾಲ್ಕು ಮಾತುಗಳಿರತಕ್ಕದ್ದು: ಊರಿನಲ್ಲಿ ಏನಿದೆ, ಏನು ಕೊರತೆಯಾಗಿದೆ, ಕೊರತೆಗಳಲ್ಲಿ ಯಾವುದು ಮೊದಲು, ಅದನ್ನು ನೀಗುವದಕ್ಕಾಗಿ ಊರವರು ಏನನ್ನು ಕೊಡುವರು ಹಾಗೂ ಏನನ್ನು ಬಿಡುವರು. ಈ ಕೊನೆಯ ಮಾತಿಲ್ಲದ ಕಾಗದವು ಅರ್ಜಿಯಾದೀತೇ ಹೊರತು ಯೋಜನೆಯಾಗಲಾರದು. ಅರ್ಜಿಯು ಇನ್ನೊಬ್ಬರ ಬಾಗಿಲನ್ನು ಕಾಯುವದು. ಯೋಜನೆಯು ಊರು ತನಗೆ ತಾನೇ ಮಾಡಿಕೊಂಡ ಸಂಕಲ್ಪವು.

ಈ ಪಾಠವನ್ನು ದೇಶವು ನಿಧಾನವಾಗಿ ಕಲಿತಿರುವದು. 1952ನೆಯ ಇಸವಿಯ ಅಕ್ಟೋಬರ 2ನೆಯ ತಾರೀಖಿನಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಪ್ರಾರಂಭವಾಯಿತು. ಅಧಿಕಾರಿಗಳೂ ಗ್ರಾಮಸೇವಕರೂ ಹಳ್ಳಿಹಳ್ಳಿಗೆ ಹೋದರು. ಐದು ವರ್ಷಗಳ ತರುವಾಯ, 1957ರಲ್ಲಿ, ಬಲವಂತರಾಯ ಮೆಹತಾ ಅವರ ಸಮಿತಿಯು ಈ ಕಾರ್ಯವನ್ನು ಪರಿಶೀಲಿಸಿ, ಜನರಲ್ಲಿ ಸ್ವಂತ ಉದ್ಯಮಶೀಲತೆಯನ್ನು ಹುಟ್ಟಿಸುವದರಲ್ಲಿ ಅದು ಸಫಲವಾಗಲಿಲ್ಲವೆಂದೂ, ಚುನಾಯಿತವಾದ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವನ್ನು ಒಪ್ಪಿಸಬೇಕೆಂದೂ ಅಭಿಪ್ರಾಯಪಟ್ಟಿತು. ಕರ್ನಾಟಕದಲ್ಲಿ 1983ರ ಕಾಯಿದೆಯು ಈ ದಾರಿಯನ್ನು ವಿಶಾಲಗೊಳಿಸಿತು. ಅದಕ್ಕಾಗಿ ಅಹೋರಾತ್ರಿ ದುಡಿದ ಅಬ್ದುಲ್ ನಜೀರ್ ಸಾಬರನ್ನು, ಹಳ್ಳಿಗಳಿಗೆ ಕುಡಿಯುವ ನೀರನ್ನು ಒದಗಿಸಿದ ಕಾರಣದಿಂದ, ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. 1993ನೆಯ ಇಸವಿಯ ಏಪ್ರಿಲ 24ರಂದು ಸಂವಿಧಾನದ 73ನೆಯ ತಿದ್ದುಪಡಿಯು ಜಾರಿಗೆ ಬಂದಿತು. ಅದರಲ್ಲಿ ಪಂಚಾಯತಿಗಳು ‘ಆರ್ಥಿಕ ಅಭಿವೃದ್ಧಿ’ ಹಾಗೂ ‘ಸಾಮಾಜಿಕ ನ್ಯಾಯ’ ಎಂಬೆರಡಕ್ಕೂ ಯೋಜನೆಗಳನ್ನು ರಚಿಸಬೇಕೆಂದು ಹೇಳಲ್ಪಟ್ಟಿರುವದು. 29 ವಿಷಯಗಳು ಇದರ ವ್ಯಾಪ್ತಿಯಲ್ಲಿ ಸೇರಿರುವವು. ರಸ್ತೆ, ಕಟ್ಟಡಗಳನ್ನಷ್ಟೇ ಯೋಜನೆಯೆಂದು ತಿಳಿಯುವವರು ಈ ಎರಡನೆಯ ಶಬ್ದವನ್ನು ಗಮನಿಸತಕ್ಕದ್ದು. ಯಾರಿಗೆ ಅನ್ಯಾಯವಾಗಿದೆಯೆಂದು ಕೇಳದೆ ಮಾಡಿದ ಯೋಜನೆಯು ಅರ್ಧ ಯೋಜನೆಯು.

ನೆರೆಯ ಕೇರಳದಲ್ಲಿ 1996ನೆಯ ಇಸವಿಯ ಅಗಸ್ಟ 17ರಂದು ಜನತಾ ಯೋಜನಾ ಆಂದೋಲನವು ಆರಂಭಗೊಂಡಿತು. ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವದೆಂದು ಸರಕಾರವು ನಿರ್ಧರಿಸಿತು. ಗ್ರಾಮಸಭೆಗೆ ಬಂದವರು ಚಿಕ್ಕ ಚಿಕ್ಕ ಗುಂಪುಗಳಾಗಿ ಕುಳಿತು ವ್ಯವಸಾಯ, ನೀರು, ಆರೋಗ್ಯ, ಶಿಕ್ಷಣ ಮುಂತಾದವನ್ನು ಬೇರೆ ಬೇರೆಯಾಗಿ ಚರ್ಚಿಸಿದರು. ಪ್ರತಿಯೊಂದು ಪಂಚಾಯತಿಯು ತನ್ನ ಊರುಗಳ ಸ್ಥಿತಿಗತಿಗಳ ವರದಿಯನ್ನು ತಾನೇ ಸಿದ್ಧಪಡಿಸಿತು. ನಿವೃತ್ತ ಎಂಜಿನಿಯರರೂ ವೈದ್ಯರೂ ಶಿಕ್ಷಕರೂ ತಜ್ಞರಾಗಿ ನೆರವಾದರು. ತರುವಾಯ 14ನೆಯ ಹಣಕಾಸು ಆಯೋಗವು 2015ರಿಂದ 2020ರವರೆಗಿನ ಅವಧಿಗೆ ದೇಶದ ಗ್ರಾಮ ಪಂಚಾಯತಿಗಳಿಗೆ ಎರಡು ಲಕ್ಷ ಕೋಟಿ ರೂಪಾಯಿಗಳಿಗಿಂತ ಮಿಗಿಲಾದ ಅನುದಾನವನ್ನು ಗೊತ್ತುಪಡಿಸಿತು. ಇದರೊಂದಿಗೆ ಪ್ರತಿಯೊಂದು ಪಂಚಾಯತಿಯೂ ತನ್ನ ಯೋಜನೆಯನ್ನು ಗ್ರಾಮಸ್ಥರ ಸಂಗಡ ಕುಳಿತು ರಚಿಸುವ ಪದ್ಧತಿಯು ದೇಶಕ್ಕೆಲ್ಲ ಬಂದಿತು.

ಕರ್ನಾಟಕದ ಕಾಯಿದೆಯಲ್ಲಿ ಈ ಕಾರ್ಯಕ್ಕೆ ಮೂರು ಮೆಟ್ಟಿಲುಗಳಿರುವವು. ಮೊದಲು ಜನವಸತಿ ಸಭೆ, ಅದರ ಮೇಲೆ ವಾರ್ಡು ಸಭೆ, ಅದರ ಮೇಲೆ ಗ್ರಾಮಸಭೆ. ಈ ಕ್ರಮಕ್ಕೆ ಬಲವಾದ ಕಾರಣವುಂಟು. ಒಂದು ಗ್ರಾಮ ಪಂಚಾಯತಿಯಲ್ಲಿ ಹಲವು ಹಳ್ಳಿಗಳೂ ತಾಂಡಾಗಳೂ ಕೇರಿಗಳೂ ಸೇರಿರುವವು. ಪಂಚಾಯತಿಯ ಕಚೇರಿಯಿರುವ ದೊಡ್ಡ ಊರಿನಲ್ಲಿಯೇ ಸಭೆಯನ್ನು ನೆರೆಯಿಸಿದರೆ ಮೂರು ಮೈಲು ದೂರದ ತಾಂಡಾದ ಹೆಂಗಸು ತನ್ನ ದಿನದ ಕೂಲಿಯನ್ನು ಬಿಟ್ಟು ಅಲ್ಲಿಗೆ ಬರುವದು ಹೇಗೆ? ಬಂದರೂ ದೊಡ್ಡವರ ಮುಂದೆ ಬಾಯಿ ತೆರೆಯುವದು ಹೇಗೆ? ಆದಕಾರಣ ಮಾತು ಅವಳ ಅಂಗಳದಿಂದಲೇ ಆರಂಭವಾಗಿ ಮೇಲಕ್ಕೆ ಏರಬೇಕೆಂಬುದು ಕಾಯಿದೆಯ ಆಶಯವು. ಸಭೆಗೆ ಇಷ್ಟು ಜನರಿರಲೇಬೇಕೆಂಬ ನಿಯಮವೂ ಅದರಲ್ಲಿರುವದು.

ಆದರೆ ಕಾಯಿದೆಯ ಆಶಯವೇ ಬೇರೆ, ನಡೆಯುವದೇ ಬೇರೆ ಎಂಬ ದೂರು ಹಳ್ಳಿಗಳಲ್ಲಿ ಕೇಳಬರುವದು. ಕೆಲವೆಡೆ ಡಂಗುರವು ಸರಿಯಾಗಿ ಮುಟ್ಟದು. ಕೆಲವೆಡೆ ಸಭೆ ಮುಗಿದ ಬಳಿಕ ನಡವಳಿ ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿಗಳನ್ನು ಕೂಡಿಸುವರು. ಮತ್ತೆ ಕೆಲವೆಡೆ ಸಭೆಯೆಂದರೆ ಮನೆ, ಸಹಾಯಧನ ಮುಂತಾದವುಗಳ ಫಲಾನುಭವಿಗಳ ಹೆಸರುಗಳನ್ನು ಓದುವದೇ ಆಗಿಬಿಟ್ಟಿರುವದು. ಹೆಸರು ಸೇರಬೇಕಾದವರು ಮಾತ್ರ ಬರುವರು. ಅನುಕೂಲಸ್ಥರು ‘ಅಲ್ಲಿ ತಮಗೇನು ಕೆಲಸ’ ಎಂದು ದೂರ ಉಳಿಯುವರು. ಕೇರಳದಲ್ಲಿಯೂ ಆರಂಭದ ಉತ್ಸಾಹವು ಇಳಿದ ಮೇಲೆ ಇದೇ ಸ್ಥಿತಿಯು ಕಂಡುಬಂದಿತು. ಬಡವನು ತನ್ನ ಸೂರಿಗಾಗಿ ಬಂದು, ಉಳ್ಳವನು ಬಾರದೆ ಹೋದರೆ, ಕೆರೆಯ ಮಾತನ್ನು ಆಡುವವರಾರು? ಉಳ್ಳವನು ಮಾತ್ರ ಬಂದು ಬಡವನು ಬಾರದೆ ಹೋದರೆ, ಕೇರಿಯ ಮಾತನ್ನು ಕೇಳುವವರಾರು?

ಎಲ್ಲರ ಮಾತೂ ಕೇಳಿಬರಲು ಉಪಾಯಗಳಿಲ್ಲದಿಲ್ಲ. 1989ರ ಸುಮಾರಿಗೆ ಮೈರಾಡ ಎಂಬ ಸಂಸ್ಥೆಯವರು ಕರ್ನಾಟಕದಲ್ಲಿಯೇ ಇಂತಹ ಒಂದು ಪದ್ಧತಿಯನ್ನು ಬಳಕೆಗೆ ತಂದರು. ಊರವರೇ ನೆಲದ ಮೇಲೆ ರಂಗೋಲಿಯ ಪುಡಿಯಿಂದ ತಮ್ಮ ಊರಿನ ನಕ್ಷೆಯನ್ನು ಬರೆಯುವರು. ಬಾವಿ, ಹಳ್ಳ, ಗೋಮಾಳ, ಶಾಲೆ, ಕೇರಿ, ಒಂಟಿ ಮುದುಕಿಯ ಗುಡಿಸಲು, ಎಲ್ಲವೂ ಅದರಲ್ಲಿ ಮೂಡುವವು. ಕಾಗದವನ್ನು ಕಂಡು ಹೆದರುವ ತಾಯಂದಿರು ರಂಗೋಲಿಯನ್ನು ಕಂಡು ಹೆದರುವರೇ? ಯಾವ ತಿಂಗಳಲ್ಲಿ ಕೂಲಿ ಸಿಗದು, ಯಾವಾಗ ಬಾವಿ ಬತ್ತುವದು, ಯಾವಾಗ ಮಕ್ಕಳಿಗೆ ಬೇನೆ ಬರುವದು ಎಂಬುದನ್ನು ಹನ್ನೆರಡು ಗೆರೆಗಳ ಮೇಲೆ ಕಾಳುಗಳನ್ನಿಟ್ಟು ತೋರಿಸುವರು. ಯಾವ ಕೆಲಸ ಮೊದಲೆಂಬುದನ್ನೂ ಕಾಳುಗಳನ್ನಿಟ್ಟೇ ನಿರ್ಣಯಿಸಬಹುದು. ಗೌಡರ ಕಾಳೂ ಒಂದೇ, ಕೂಲಿಯವನ ಕಾಳೂ ಒಂದೇ. ಹೆಂಗಸರು ಪ್ರತ್ಯೇಕವಾಗಿ ಕುಳಿತಾಗ ‘ನೀರು ಮೊದಲು’ ಎನ್ನುವದೂ, ಗಂಡಸರು ಕುಳಿತಾಗ ‘ರಸ್ತೆ ಮೊದಲು’ ಎನ್ನುವದೂ ಉಂಟು. ಎರಡನ್ನೂ ಒಂದೇ ಚಾವಡಿಗೆ ತಂದು ಚರ್ಚಿಸುವದರಲ್ಲಿಯೇ ಊರಿನ ವಿವೇಕವು ಬೆಳೆಯುವದು. ಕರ್ನಾಟಕದಲ್ಲಿ ಮಹಿಳಾ ಗ್ರಾಮಸಭೆಯೂ ಮಕ್ಕಳ ಗ್ರಾಮಸಭೆಯೂ ಈ ಕಾರಣಕ್ಕಾಗಿಯೇ ಏರ್ಪಟ್ಟಿರುವವು.

ನಕ್ಷೆಯಾದ ಮೇಲೆ ಹಣದ ಮಾತು. ಪಂಚಾಯತಿಗೆ ಬರುವ ಹಣವೆಲ್ಲವೂ ಇಚ್ಛೆಯಂತೆ ವೆಚ್ಚ ಮಾಡತಕ್ಕದ್ದಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕಾಗಿಯೇ ಕಟ್ಟುಮಾಡಿತು. ಇದನ್ನು ಸಭೆಯಲ್ಲಿ ಮೊದಲೇ ತಿಳಿಸದಿದ್ದರೆ ಜನರು ಒಂದನ್ನು ಕೇಳುವರು, ಪುಸ್ತಕದಲ್ಲಿ ಇನ್ನೊಂದು ಬರೆಯಲ್ಪಡುವದು, ಕಡೆಗೆ ಎಲ್ಲರಿಗೂ ಬೇಸರ ಹುಟ್ಟುವದು. ಊರಿನ ಸ್ವಂತ ಕೈಯಲ್ಲಿರುವ ಹಣವೆಂದರೆ ಮನೆಯ ತೆರಿಗೆ ಮತ್ತು ನೀರಿನ ಕರ. ಮಠಕ್ಕೆ ಕಾಣಿಕೆಯನ್ನು ತಪ್ಪದೆ ಸಲ್ಲಿಸುವ ಭಕ್ತನು ಊರಿನ ತೆರಿಗೆಯನ್ನು ವರ್ಷಗಟ್ಟಲೆ ಬಾಕಿಯಿರಿಸಿದರೆ, ಊರಿನ ಮೇಲೆ ಅವನ ಹಕ್ಕಿನ ಮಾತಿಗೆ ಬಲವೆಲ್ಲಿಂದ ಬರುವದು?

ಕೊಡುವದರ ಜತೆಗೆ ಬಿಡುವದೂ ಯೋಜನೆಯ ಭಾಗವೆಂಬುದಕ್ಕೆ ಮಹಾರಾಷ್ಟ್ರದ ಹಿವರೆ ಬಾಜಾರ ಎಂಬ ಹಳ್ಳಿಯು ನಿದರ್ಶನವು. ಇಂದು ಅಹಿಲ್ಯಾನಗರವೆಂದು ಕರೆಯಿಸಿಕೊಳ್ಳುವ ಅಹಮದನಗರ ಜಿಲ್ಲೆಯ ಈ ಊರು ಮಳೆಯ ನೆರಳಿನ ಪ್ರದೇಶದಲ್ಲಿರುವದು. ಬರದ ಹೊಡೆತಕ್ಕೆ ಬಾವಿಗಳು ಬತ್ತಿ, ಗುಡ್ಡಗಳು ಬೋಳಾಗಿ, ಕುಟುಂಬಗಳು ಊರು ಬಿಟ್ಟು ಮುಂಬಯಿ, ಪುಣೆಗಳಿಗೆ ಹೊರಟುಹೋಗಿದ್ದವು. 1990ರ ಸುಮಾರಿಗೆ ಪೋಪಟರಾವ ಪವಾರ ಎಂಬ ವಿದ್ಯಾವಂತ ತರುಣರು ಸರಪಂಚರಾದ ಮೇಲೆ ಊರವರು ಗ್ರಾಮಸಭೆಯಲ್ಲಿ ಕುಳಿತು ತಮ್ಮ ಯೋಜನೆಯನ್ನು ತಾವೇ ಮಾಡಿಕೊಂಡರು. ಶ್ರಮದಾನದಿಂದ ಗುಡ್ಡಗಳಿಗೆ ಸಮಪಾತಳಿಯ ಕಂದಕಗಳನ್ನು ತೋಡಿದರು, ಒಡ್ಡುಗಳನ್ನು ಕಟ್ಟಿದರು, ಮರಗಳನ್ನು ನೆಟ್ಟರು. ಅಷ್ಟೇ ಆಗಿದ್ದರೆ ನೀರು ಬಂದು ಹಾಗೆಯೇ ಹೋಗಿಬಿಡುತ್ತಿತ್ತು. ಆದರೆ ಅವರು ಮರ ಕಡಿಯುವದನ್ನೂ ಗುಡ್ಡದಲ್ಲಿ ದನ ಬಿಡುವದನ್ನೂ ನಿಲ್ಲಿಸಿದರು. ನೀರಾವರಿಗಾಗಿ ಕೊಳವೆಬಾವಿ ತೋಡುವದಿಲ್ಲವೆಂದೂ, ಹೆಚ್ಚು ನೀರು ಕುಡಿಯುವ ಕಬ್ಬು, ಬಾಳೆಗಳನ್ನು ಬೆಳೆಯುವದಿಲ್ಲವೆಂದೂ ಕಟ್ಟು ಮಾಡಿಕೊಂಡರು. ಬಿದ್ದ ಮಳೆಯನ್ನೂ ಬಾವಿಯ ನೀರಿನ ಮಟ್ಟವನ್ನೂ ಅಳೆದು, ಜನರಿಗೂ ದನಗಳಿಗೂ ಕುಡಿಯುವ ನೀರನ್ನು ಮೊದಲು ತೆಗೆದಿರಿಸಿ, ಉಳಿದುದಕ್ಕೆ ಎಷ್ಟು ಬೆಳೆಯೆಂದು ಸಭೆಯಲ್ಲಿ ಗೊತ್ತುಪಡಿಸುವ ರೂಢಿಯನ್ನು ತಂದರು. ಹೋದ ಕುಟುಂಬಗಳು ಹಿಂತಿರುಗಿ ಬಂದವು. ಪವಾರರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಘೋಷಿಸಲ್ಪಟ್ಟಿತು. ಅಂತಹ ಮುಂದಾಳು ಎಲ್ಲ ಊರುಗಳಿಗೂ ದೊರೆಯಲಾರನೆಂಬ ಮಾತು ನಿಜವು. ಆದರೆ ನೀರಿನ ಲೆಕ್ಕವನ್ನು ಎಲ್ಲರೆದುರು ಓದುವದಕ್ಕೆ ಮಹಾಪುರುಷನೇ ಬೇಕೆಂಬ ನಿಯಮವಿಲ್ಲ.

ಶರಣಮಾರ್ಗದವರಿಗೆ ಇದು ಹೊಸ ಪಾಠವಲ್ಲ. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯು ಎಲ್ಲರಿಗೂ ತಿಳಿದಿರುವದು. ನಾಳೆಯ ಪಾಲನ್ನು ಇಂದು ಎತ್ತಬಾರದೆಂಬ ಆ ಬಡ ತಾಯಿಯ ವಿವೇಕವೇ ಅಂತರ್ಜಲದ ಲೆಕ್ಕದ ಸಾರವು. ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳ ಮಾಚಿದೇವನೂ ಅಂಬಿಗರ ಚೌಡಯ್ಯನೂ ಅಕ್ಕಮಹಾದೇವಿಯೂ ತಮ್ಮ ತಮ್ಮ ನುಡಿಯನ್ನು ಸಮಾನರಾಗಿ ಆಡಿದರೆಂದು ಪರಂಪರೆಯು ಸಾರುವದು. ಅದನ್ನು ಭಾಷಣಗಳಲ್ಲಿ ಹೊಗಳಿ, ತನ್ನ ಊರಿನ ಸಭೆಯಲ್ಲಿ ಕೇರಿಯವನನ್ನು ಬಾಗಿಲ ಬಳಿ ನಿಲ್ಲಿಸಿದರೆ ಆ ಹೊಗಳಿಕೆಗೆ ಬೆಲೆಯೇನು?

ಮಠಗಳ ಇತಿಹಾಸವೂ ಇದೇ ಮಾತನ್ನು ಹೇಳುವದು. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಗಳ ಮನೆಮನೆಯ ಧಾನ್ಯದ ಭಿಕ್ಷೆಯಿಂದ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನವಿತ್ತರು. ಕೊಟ್ಟವರಲ್ಲಿ ಬಡ ರೈತರೇ ಹೆಚ್ಚು. ಕೊಟ್ಟ ಹಿಡಿ ಧಾನ್ಯವು ಎಲ್ಲಿ ಹೋಯಿತೆಂಬುದು ಅವರ ಕಣ್ಣೆದುರಿಗೇ ಇದ್ದಿತು. ಆದ್ದರಿಂದಲೇ ಮತ್ತೆ ಮತ್ತೆ ಕೊಟ್ಟರು. ಊರಿನ ಯೋಜನೆಯಲ್ಲಿಯೂ ಲೆಕ್ಕವು ಕಣ್ಣಿಗೆ ಕಾಣುವಂತಿರಬೇಕು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯಗೊಳಿಸಿತು. ಕೆಲಸವೇನಾಯಿತು, ಕೂಲಿ ಯಾರಿಗೆ ಮುಟ್ಟಿತು ಎಂಬುದನ್ನು ಸಭೆಯ ಮುಂದೆ ಓದುವ ಪದ್ಧತಿಯದು. ಜಾತ್ರೆಯ ಜಮಾಖರ್ಚನ್ನು ಭಕ್ತರ ಮುಂದೆ ಓದಿ ಬಲ್ಲವರಿಗೆ ಇದು ಕಠಿಣವಾದೀತೇ?

ಮಠವು ಪಂಚಾಯತಿಯ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ. ಯೋಜನೆಯನ್ನು ಗುರುಗಳು ಬರೆದುಕೊಟ್ಟರೂ ಅದು ಮೇಲಿನಿಂದ ಇಳಿದುದೇ ಆಗುವದು. ಮಠದಿಂದ ಆಗತಕ್ಕದ್ದು ಬೇರೆ. ಸಭೆಯ ದಿನವನ್ನು ಪ್ರವಚನದ ಕೊನೆಯಲ್ಲಿ ಸಾರಬಹುದು. ಎಲ್ಲ ಜಾತಿಮತದವರಿಗೂ ಸಮನಾದ ನೆರಳೆಂದು ತನ್ನ ಅಂಗಳವನ್ನು ತೆರೆದಿಡಬಹುದು. ಮಠದ ಶಾಲೆಗಳ ಶಿಕ್ಷಕರೂ ವಿದ್ಯಾರ್ಥಿಗಳೂ ನಕ್ಷೆ ಬರೆಯಿಸುವದರಲ್ಲಿ, ಬಾವಿಯ ನೀರನ್ನು ಅಳೆಯುವದರಲ್ಲಿ ಊರವರಿಗೆ ನೆರವಾಗಬಹುದು. ಭಕ್ತರಿಂದ ಆಗತಕ್ಕದ್ದು ಇನ್ನೂ ಸುಲಭವು: ವರ್ಷದಲ್ಲಿ ಗ್ರಾಮಸಭೆ ಎಷ್ಟು ಸಲ ನೆರೆಯುವದೋ ಅಷ್ಟು ಸಲ ಹೋಗುವದು, ಒಬ್ಬರೇ ಹೋಗದೆ, ಇದುವರೆಗೆ ಹೋಗದಿದ್ದ ನೆರೆಯವರೊಬ್ಬರನ್ನು ಕರೆದೊಯ್ಯುವದು, ತಮ್ಮ ಮಾತನ್ನು ಆಡುವ ಮೊದಲು ಅವರ ಮಾತನ್ನು ಕೇಳಿಸುವದು.

ದಾಸೋಹದ ಪಂಕ್ತಿಯಲ್ಲಿ ಕಡೆಯ ಎಲೆಗೆ ಅನ್ನ ಮುಟ್ಟಿತೇ ಎಂದು ನೋಡಿದ ಮೇಲೆಯೇ ಬಡಿಸುವವರು ತಾವು ಉಣ್ಣುವರು. ಊರಿನ ಯೋಜನೆಯನ್ನು ಬರೆಯುವವರೂ ಕಡೆಯ ಮನೆಗೆ ಮಾತು ಮುಟ್ಟಿತೇ ಎಂದು ನೋಡಿ ಆಮೇಲೆ ಸಹಿ ಮಾಡಲಿ. ಶ್ರೀಮಠದ ಈ ಮಹೋತ್ಸವಕ್ಕೆ ಬಂದ ಪ್ರತಿಯೊಂದು ಊರೂ ಇಂತಹ ಒಂದು ಸಂಕಲ್ಪವನ್ನು ತನ್ನ ಸಂಗಡ ಒಯ್ಯಲಿ.