ಸೈಕಲ್ ಸವಾರನಿಗೆ ಹೆಲ್ಮೆಟ್ ಬೇಕೇ?



ಸೈಕಲ್ ತುಳಿಯುವವರು ಹೆಲ್ಮೆಟ್ ಧರಿಸಬೇಕೇ ಬೇಡವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದಾಗಿ ಕಾಣುತ್ತದೆ. ನಿಟ್ಟುವಳ್ಳಿಯಿಂದ ಹದಡಿ ರಸ್ತೆಗೆ ಬರುವ ಪತ್ರಿಕೆ ಹಂಚುವ ಹುಡುಗ, ಹಾಲಿನ ಕ್ಯಾನು ನೇತುಹಾಕಿಕೊಂಡವರು, ಹೂವಿನ ಬುಟ್ಟಿ ಕಟ್ಟಿಕೊಂಡವರು, ಶಾಲೆಗೆ ಹೊರಟ ಮಕ್ಕಳು ಇವರಲ್ಲಿ ಹೆಲ್ಮೆಟ್ ಧರಿಸಿದವರನ್ನು ಹುಡುಕುವುದೇ ಕಷ್ಟ. ಅದೇ ರಸ್ತೆಯಲ್ಲಿ ಹೋಗುವ ಸ್ಕೂಟರ್ ಸವಾರನ ತಲೆ ಬರಿದಾಗಿದ್ದರೆ ದಂಡ ಕಟ್ಟಬೇಕು. ರಸ್ತೆ ಒಂದೇ, ಗುಂಡಿಗಳು ಅವೇ, ಹಿಂದಿನಿಂದ ಬರುವ ಲಾರಿಯೂ ಅದೇ. ಹೀಗಿರುವಾಗ ಒಬ್ಬನ ತಲೆಗೆ ಕಾನೂನಿನ ಕಾವಲು, ಇನ್ನೊಬ್ಬನ ತಲೆಗೆ ಇಲ್ಲ ಎಂಬುದು ಸರಿಯೇ? ಇದಕ್ಕೆ ಉತ್ತರ ಹುಡುಕಲು ಹೊರಟರೆ ಸೈಕಲ್ಲಿನ ಚರಿತ್ರೆ, ಮಿದುಳಿನ ವೈದ್ಯಶಾಸ್ತ್ರ, ರಸ್ತೆಯ ನ್ಯಾಯ ಮೂರನ್ನೂ ಮುಟ್ಟಬೇಕಾಗುತ್ತದೆ.

ಮೊದಲು ಚರಿತ್ರೆ. ಎರಡು ಸಮನಾದ ಗಾಲಿ, ಹಿಂದಿನ ಗಾಲಿಗೆ ಸರಪಳಿ ಇರುವ ಇಂದಿನ ರೂಪದ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ್ದು 1885ರಲ್ಲಿ. ಅದಕ್ಕೆ ಇಟ್ಟ ಹೆಸರೇ ‘ಸೇಫ್ಟಿ ಬೈಸಿಕಲ್’. ಅದಕ್ಕೂ ಹಿಂದಿನ ಸೈಕಲ್ಲಿನ ಮುಂಗಾಲಿ ಆಳೆತ್ತರವಿದ್ದು, ಸವಾರ ಅದರ ನೆತ್ತಿಯ ಮೇಲೆ ಕೂರುತ್ತಿದ್ದ. ಗಾಲಿಗೆ ಒಂದು ಕಲ್ಲು ಎಡವಿದರೂ ತಲೆಕೆಳಗಾಗಿ ಬೀಳುತ್ತಿದ್ದ. ಆ ಕಾಲದ ಕೆಲವು ಸವಾರರು ತಲೆಗೆ ಹಾಕಿಕೊಳ್ಳುತ್ತಿದ್ದದ್ದು ಬೆಂಡಿನ ಟೋಪಿಯನ್ನು, ಅಂದರೆ ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ಧರಿಸುತ್ತಿದ್ದ ಸೋಲಾ ಟೋಪಿಯಂಥದ್ದನ್ನು. ಬೆಂಡು ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಇಂದಿನ ಹೆಲ್ಮೆಟ್ಟಿನ ತತ್ತ್ವವೂ ಇದೇ ಎಂಬುದು ಕುತೂಹಲದ ಸಂಗತಿ.

ಸ್ಟಾರ್ಲಿಯ ಸೈಕಲ್ ಬಂದ ಮೂರೇ ವರ್ಷಕ್ಕೆ, 1888ರಲ್ಲಿ, ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಸೈಕಲ್ ಅಂಗಡಿ ಆರಂಭವಾಯಿತು. ಸೈಕಲ್ ಮಾರುವುದು, ರಿಪೇರಿ ಮಾಡುವುದು, ಕೊಂಡವರಿಗೆ ತುಳಿಯಲು ಕಲಿಸುವುದು ಆ ಅಂಗಡಿಯ ಕೆಲಸ. ಮುಂದೆ ನೇಗಿಲು, ಪಂಪು, ಲೇತ್ ಯಂತ್ರಗಳವರೆಗೆ ಬೆಳೆದ ಉದ್ಯಮದ ಬೀಜ ಅದು. 1941ರಲ್ಲಿ ಹರಿಹರದಲ್ಲಿ ತುಂಗಭದ್ರೆಯ ದಡದ ಊರಿಗೆ ಹೊಸ ಬದುಕು ಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ವಂಶಾವಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಸಿಗುವುದು ಒಂದು ಸೈಕಲ್ ಅಂಗಡಿ! ಆ ಕಾರ್ಖಾನೆ ಈಗಿಲ್ಲ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ದಾವಣಗೆರೆಗೆ ಹೆಸರು ತಂದ ಹತ್ತಿಗಿರಣಿಗಳ ಕಾಲವೂ ಮುಗಿದಿದೆ. ಆದರೆ ಅವು ನಡೆಯುತ್ತಿದ್ದಾಗ ಕಾರ್ಮಿಕನ ವಾಹನವೆಂದರೆ ಸೈಕಲ್ಲೇ. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಗೇಟಿನಿಂದ ಹೊರಬೀಳುತ್ತಿದ್ದದ್ದು ಸೈಕಲ್ಲುಗಳ ಸಾಲು. ಅಂದಿನ ಮಕ್ಕಳು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಬಿದ್ದೂ ಎದ್ದೂ ಕಲಿತರು. ಮೊಣಕಾಲು ತರಚುತ್ತಿತ್ತು, ಅರಿಶಿನ ಮೆತ್ತಿಕೊಂಡರೆ ಮುಗಿಯಿತು. ಹೆಲ್ಮೆಟ್ ಎಂಬ ಮಾತೇ ಇರಲಿಲ್ಲ.

ಆ ಕಾಲದಲ್ಲಿ ಸೈಕಲ್ಲಿಗೆ ನಿಯಮಗಳೇ ಇರಲಿಲ್ಲವೆಂದಲ್ಲ. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ, ‘ಡಬಲ್ ರೈಡ್’ ಮಾಡಿದರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದ ನೆನಪು ಹಿರಿಯರಿಗೆ ಇರಬಹುದು. ಅಂದರೆ ಸೈಕಲ್ ಸವಾರ ಕಾನೂನಿನ ಕಣ್ಣಿಗೆ ಬಿದ್ದಿದ್ದ, ಆದರೆ ಅವನ ತಲೆ ಬಿದ್ದಿರಲಿಲ್ಲ. ಇಂದಿಗೂ ಹಾಗೆಯೇ. 1988ರ ಮೋಟಾರು ವಾಹನ ಕಾಯ್ದೆಯ 129ನೇ ವಿಧಿ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್ ಸೈಕಲ್ ವರ್ಗದ ವಾಹನಗಳಿಗೆ ಮಾತ್ರ. ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರ ಮೇಲೂ ಇದನ್ನು ಜಾರಿಗೊಳಿಸಲಾಯಿತು. ಪೆಡಲ್ ತುಳಿಯುವ ಸೈಕಲ್ ಮೋಟಾರು ವಾಹನವಲ್ಲವಾದ್ದರಿಂದ ಈ ವಿಧಿ ಅದಕ್ಕೆ ತಟ್ಟುವುದಿಲ್ಲ. 250 ವ್ಯಾಟಿನೊಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ವಿದ್ಯುತ್ ಸೈಕಲ್ಲುಗಳಿಗೂ ವಿನಾಯಿತಿ ಇದೆ.

ಹೆಲ್ಮೆಟ್ಟಿನ ಮಹತ್ವ ವೈದ್ಯಲೋಕದ ಗಮನಕ್ಕೆ ಬಂದ ಬಗೆಯಲ್ಲೂ ಸೈಕಲ್ಲಿನ ಪಾತ್ರವಿದೆ. 1935ರ ಮೇ 13ರಂದು ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನ ಹಳ್ಳಿರಸ್ತೆಯೊಂದರಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದಾಗ, ಎದುರಿಗಿದ್ದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೂ ಇದ್ದರು. ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ ಹೆಲ್ಮೆಟ್ಟಿನ ಅಗತ್ಯವನ್ನು ಅವರು ಪ್ರತಿಪಾದಿಸಿದ್ದು 1941ರಲ್ಲಿ. ಸೈಕಲ್ ಸವಾರರಿಗೆಂದೇ ಗಟ್ಟಿ ಹೊರಕವಚ ಮತ್ತು ಒಳಗೆ ಥರ್ಮೋಕೋಲಿನಂಥ ಪದರವಿದ್ದ ಹೆಲ್ಮೆಟ್ಟನ್ನು ಅಮೆರಿಕದ ಬೆಲ್ ಕಂಪನಿ ಮಾರುಕಟ್ಟೆಗೆ ತಂದದ್ದು 1975ರಲ್ಲಿ.

ಈ ಪದರ ಏನು ಮಾಡುತ್ತದೆ? ತಲೆ ನೆಲಕ್ಕೆ ಬಡಿದಾಗ ತಲೆಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲದೆ ಬುರುಡೆಗೆ ಬಡಿಯುತ್ತದೆ. ಹೆಲ್ಮೆಟ್ಟಿನ ಪದರ ಕುಸಿಯುತ್ತಾ ಆ ನಿಲುಗಡೆಯನ್ನು ಸೆಕೆಂಡಿನ ಕೆಲವು ಸಾವಿರದ ಒಂದು ಪಾಲಿನಷ್ಟು ನಿಧಾನಗೊಳಿಸುತ್ತದೆ. ಆ ಅತ್ಯಲ್ಪ ಕಾಲವೇ ಬದುಕಿಗೂ ಸಾವಿಗೂ ನಡುವಿನ ಅಂತರವಾಗಬಹುದು. ಮುರಿದ ಕೈಮೂಳೆ ಕೂಡಿಕೊಳ್ಳುತ್ತದೆ, ಜಜ್ಜಿಹೋದ ಮಿದುಳು ಹಾಗೆ ಕೂಡಿಕೊಳ್ಳುವುದಿಲ್ಲ. ‘ತಲೆ ಗಟ್ಟಿ ಇದೆ ಎಂದು ಕಲ್ಲಿಗೆ ಹಾಯಬೇಡ’ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವು ಹೆಲ್ಮೆಟ್ಟಿನಿಂದ ತಲೆಪೆಟ್ಟಿನ ಅಪಾಯ ಶೇಕಡಾ 85ರಷ್ಟು ತಗ್ಗುತ್ತದೆ ಎಂದಿತು. ಆ ಅಂಕಿ ಹೆಚ್ಚಾಯಿತೆಂದು ವಾದಗಳೂ ನಡೆದವು. ನಂತರ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ವಿಶ್ಲೇಷಣೆಯಲ್ಲಿ ತಲೆಪೆಟ್ಟು ಸುಮಾರು ಅರ್ಧಕ್ಕೆ, ತೀವ್ರ ತಲೆಪೆಟ್ಟು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುವುದು ಕಂಡುಬಂತು. ವೃತ್ತಿಪರ ಸ್ಪರ್ಧಿಗಳು ಕೂಡ 1991ರಲ್ಲಿ ಕಡ್ಡಾಯ ಹೆಲ್ಮೆಟ್ಟನ್ನು ಪ್ರತಿಭಟಿಸಿ ಹಿಮ್ಮೆಟ್ಟಿಸಿದ್ದರು. 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಇಟಲಿಯ ಫಾಬಿಯೊ ಕಸಾರ್ಟೆಲ್ಲಿ, 2003ರ ಪ್ಯಾರಿಸ್-ನೀಸ್ ಸ್ಪರ್ಧೆಯಲ್ಲಿ ಕಜಾಕಿಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಸತ್ತ ಮೇಲೆ ಆ ವಿರೋಧ ಕರಗಿತು. 2003ರಲ್ಲೇ ನಿಯಮ ಬಂತು. ವಿಜಯಪುರ, ಬಾಗಲಕೋಟೆಗಳ ಸೈಕಲ್ ಸ್ಪರ್ಧಿಗಳು ಇಂದು ಹೆಲ್ಮೆಟ್ ಇಲ್ಲದೆ ಸ್ಪರ್ಧೆಗೆ ಇಳಿಯುವಂತಿಲ್ಲ.

ಇಷ್ಟು ಕೇಳಿದ ಮೇಲೆ ‘ಹಾಗಾದರೆ ಕಡ್ಡಾಯ ಮಾಡಿಬಿಡಿ’ ಎಂದು ಅನ್ನಿಸುವುದು ಸಹಜ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರ ಜುಲೈ 1ರಂದು ಹಾಗೆಯೇ ಮಾಡಿತು. ಹೆಲ್ಮೆಟ್ ಧರಿಸುವವರ ಪ್ರಮಾಣ ಒಂದು ವರ್ಷದಲ್ಲಿ ಶೇಕಡಾ 31ರಿಂದ 75ಕ್ಕೆ ಏರಿತು. ತಲೆಪೆಟ್ಟುಗಳೂ ಕಡಿಮೆಯಾದವು. ಆದರೆ ರಸ್ತೆಯಲ್ಲಿ ನಿಂತು ಸೈಕಲ್ಲುಗಳನ್ನು ಎಣಿಸಿದವರಿಗೆ ಮತ್ತೊಂದು ಸಂಗತಿ ಕಂಡಿತು. ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೇ ಇಳಿದಿತ್ತು. ಪೆಟ್ಟು ತಗ್ಗಿದ್ದರಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸೈಕಲ್ಲನ್ನೇ ಬಿಟ್ಟವರ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೆಲ್ಬರ್ನಿನ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ 2010ರಲ್ಲಿ ಆರಂಭವಾಗಿ 2019ರಲ್ಲಿ ಮುಚ್ಚಿತು. ಅದು ಸೊರಗಿದ್ದಕ್ಕೆ ಹೆಲ್ಮೆಟ್ ಕಾನೂನೂ ಒಂದು ಕಾರಣವೆಂದು ಹೇಳುವವರಿದ್ದಾರೆ. ಇಸ್ರೇಲ್ 2007ರಲ್ಲಿ ಕಡ್ಡಾಯ ಮಾಡಿ, 2011ರಲ್ಲಿ ಊರೊಳಗೆ ತುಳಿಯುವ ವಯಸ್ಕರಿಗೆ ಅದನ್ನು ಸಡಿಲಿಸಿತು.

ಸೈಕಲ್ ಸವಾರರು ಕಡಿಮೆಯಾದರೆ ಉಳಿದವರ ಅಪಾಯ ಹೆಚ್ಚುತ್ತದೆ ಎಂಬುದು ಇನ್ನೊಂದು ಕಳವಳ. ಅಮೆರಿಕದ ಪೀಟರ್ ಜೇಕಬ್‌ಸನ್ 2003ರಲ್ಲಿ ತೋರಿಸಿದಂತೆ, ನಡೆಯುವವರೂ ಸೈಕಲ್ ತುಳಿಯುವವರೂ ಇಮ್ಮಡಿಯಾದರೆ ಅವರಿಗಾಗುವ ಅಪಘಾತಗಳು ಇಮ್ಮಡಿಯಾಗುವುದಿಲ್ಲ, ಸುಮಾರು ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತವೆ. ಸವಾರರು ಹೆಚ್ಚಿದ್ದಲ್ಲಿ ವಾಹನ ಚಾಲಕರ ಕಣ್ಣು ಅವರಿಗೆ ಒಗ್ಗಿಕೊಂಡಿರುತ್ತದೆ. ಒಂಟಿ ಸೈಕಲ್ಲು ಚಾಲಕನ ಲೆಕ್ಕಕ್ಕೇ ಬರುವುದಿಲ್ಲ.

ಈ ಮಾತನ್ನು ದಾವಣಗೆರೆಗೆ ಅನ್ವಯಿಸಿ ನೋಡಿ. ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ನಿಟ್ಟುವಳ್ಳಿ ಇಂದು ನಗರದ ಒಡಲಿನಲ್ಲಿದೆ. ಇಲ್ಲಿ ಇನ್ನೂ ಸೈಕಲ್ ತುಳಿಯುವ ವಯಸ್ಕರಲ್ಲಿ ಬಹುಪಾಲು ಜನ ಹವ್ಯಾಸಕ್ಕಾಗಿ ತುಳಿಯುವವರಲ್ಲ, ಬಸ್ಸಿನ ಚಾರ್ಜನ್ನೂ ಪೆಟ್ರೋಲಿನ ಬೆಲೆಯನ್ನೂ ಉಳಿಸಲು ತುಳಿಯುವವರು. 2011ರ ಜನಗಣತಿಯ ಪ್ರಕಾರ ದೇಶದ ಶೇಕಡಾ 45ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಅಂಥ ಮನೆಗಳಲ್ಲಿ ಒಳ್ಳೆಯ ಹೆಲ್ಮೆಟ್ಟೆಂದರೆ ಒಂದೆರಡು ದಿನದ ಕೂಲಿಗೆ ಕುತ್ತು. ಕಡ್ಡಾಯ ಮಾಡಿದರೆ ಮೊದಲು ದಂಡ ತೆರುವವರು ಇವರೇ. ಮಗನ ಶಾಲೆಯ ಸೈಕಲ್ಲಿಗೂ ದಂಡ ಬಿದ್ದರೆ ಅಪ್ಪ ಸೈಕಲ್ಲನ್ನೇ ಮೂಲೆಗೆ ಒರಗಿಸುತ್ತಾನೆ, ಇಲ್ಲವೇ ಸಾಲ ಮಾಡಿ ಬೈಕ್ ತರುತ್ತಾನೆ. ಬೈಕು ಸೈಕಲ್ಲಿಗಿಂತ ಸುರಕ್ಷಿತವೇನಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ನೂರಕ್ಕೆ ಸುಮಾರು 44 ಮಂದಿ ಮೋಟಾರು ದ್ವಿಚಕ್ರ ವಾಹನಗಳವರು. ಸೈಕಲ್ ಸವಾರರೂ ನಾಲ್ಕು ಸಾವಿರಕ್ಕೂ ಹೆಚ್ಚು.

ಈ ನಾಲ್ಕು ಸಾವಿರ ಸಾವುಗಳನ್ನು ಹೆಲ್ಮೆಟ್ ಒಂದೇ ತಡೆಯಬಲ್ಲದೇ? ಇಲ್ಲಿ ಹೆಲ್ಮೆಟ್ಟಿನ ಮಿತಿಯನ್ನೂ ಅರಿಯಬೇಕು. ಯುರೋಪಿನಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವಾಗ ಸುಮಾರು ಒಂದೂವರೆ ಮೀಟರ್, ಅಮೆರಿಕದಲ್ಲಿ ಎರಡು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅಂದರೆ ಗಂಟೆಗೆ 20 ಕಿಲೋಮೀಟರ್ ಆಸುಪಾಸಿನ ಪೆಟ್ಟು. ಗುಂಡಿಗೆ ಗಾಲಿ ಇಳಿದು, ಮರಳಿನಲ್ಲಿ ಜಾರಿ, ನಾಯಿ ಅಡ್ಡ ಬಂದು ಬೀಳುವ ಪೆಟ್ಟಿಗೆ ಅದು ತಕ್ಕ ರಕ್ಷಣೆ. ಹಳೆ ಪಿ.ಬಿ. ರಸ್ತೆಯಲ್ಲಿ 60ರ ವೇಗದಲ್ಲಿ ಬರುವ ಲಾರಿಯ ಪೆಟ್ಟಿಗಾಗಿ ಅದನ್ನು ಮಾಡಿಲ್ಲ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದನ್ನು ತಗ್ಗಿಸಬೇಕಾದ್ದು ಲಾರಿಯ ವೇಗದಲ್ಲಿ, ರಸ್ತೆಯ ರಚನೆಯಲ್ಲಿ.

ನೆದರ್ಲೆಂಡ್ಸ್ ದೇಶ ಹಿಡಿದದ್ದು ಈ ದಾರಿ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಂದೆತಾಯಂದಿರು ಬೀದಿಗಿಳಿದರು. ಅವರು ಕೇಳಿದ್ದು ಹೆಲ್ಮೆಟ್ಟನ್ನಲ್ಲ, ಸುರಕ್ಷಿತ ರಸ್ತೆಗಳನ್ನು. ಸೈಕಲ್ಲಿಗೆ ಬೇರೆ ಪಥ ಹಾಕಲಾಯಿತು, ವಸತಿ ಬೀದಿಗಳಲ್ಲಿ ವೇಗಕ್ಕೆ ಕಡಿವಾಣ ಬಿತ್ತು. ಅಲ್ಲಿ ಇಂದಿಗೂ ದಿನನಿತ್ಯದ ಸವಾರರಲ್ಲಿ ಹೆಲ್ಮೆಟ್ ಅಪರೂಪ. ಆದರೂ ಸೈಕಲ್ ಸವಾರಿಗೆ ಜಗತ್ತಿನ ಅತಿ ಸುರಕ್ಷಿತ ನಾಡುಗಳಲ್ಲಿ ಅದೂ ಒಂದು. ಹಾಗೆಂದು ಅಂಥ ರಸ್ತೆಯಿಲ್ಲದ ಊರಿನಲ್ಲಿ ಕುಳಿತು ‘ಡಚ್ಚರು ಹಾಕುವುದಿಲ್ಲ, ನಮಗೇಕೆ’ ಎನ್ನುವುದು ಜಾಣತನವಲ್ಲ. ಅವರ ಬರಿತಲೆಯ ಹಿಂದೆ ಐವತ್ತು ವರ್ಷಗಳ ರಸ್ತೆ ಕೆಲಸವಿದೆ.

ಆದ್ದರಿಂದ ಉತ್ತರ ಎರಡು ಮಾತಿನದು. ಹೆಲ್ಮೆಟ್ ಬೇಕು. ಆದರೆ ದಂಡದ ಭಯದಿಂದಲ್ಲ. ಮೊದಲು ಬೇಕಾದದ್ದು ಮಕ್ಕಳಿಗೆ. ಅವರು ಹೆಚ್ಚಾಗಿ ತಾವಾಗಿಯೇ ಬೀಳುವವರು, ಹೆಲ್ಮೆಟ್ ಚೆನ್ನಾಗಿ ಕಾಯುವುದೂ ಅಂಥ ಬೀಳುವಿಕೆಯಿಂದಲೇ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಎಷ್ಟೋ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾಯಿತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ಸರ್ಕಾರವಾಗಲಿ, ದಾನಿಗಳಾಗಲಿ ಮಗುವಿಗೆ ಸೈಕಲ್ ಕೊಡುವಾಗ ಅದರ ಜೊತೆಗೇ ಹೆಲ್ಮೆಟ್ ಕೊಡುವುದು ಯೋಗ್ಯ. ಬೆಳಗಿನ ಕತ್ತಲಲ್ಲಿ ಪತ್ರಿಕೆ ಹಂಚುವ ಹುಡುಗರಿಗೆ ಏಜೆಂಟರು, ಸೈಕಲ್ಲಿನ ಮೇಲೆ ದುಡಿಯುವವರಿಗೆ ಮಾಲೀಕರು ಕೊಡಬೇಕು. ವಿದ್ಯುತ್ ಸೈಕಲ್ಲಿನವರೂ ಹೆದ್ದಾರಿಯಲ್ಲಿ ದೂರ ಹೋಗುವವರೂ ಕಾನೂನಿಗೆ ಕಾಯದೆ ಧರಿಸುವುದು ಒಳಿತು.

ಧರಿಸುವ ಕ್ರಮವೂ ಮುಖ್ಯ. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಅಂತರದಲ್ಲಿ ಸಮವಾಗಿ ಕೂರಬೇಕು, ಹಿಂದಕ್ಕೆ ವಾಲಿ ಹಣೆ ಬಯಲಾಗಬಾರದು. ಗಲ್ಲದ ಪಟ್ಟಿ ಬಿಗಿಯಿಲ್ಲದಿದ್ದರೆ ಬೀಳುವಾಗ ತಲೆಗಿಂತ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬಾರದು, ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಆಗಲೇ ಕುಸಿದಿರುತ್ತದೆ. ಬೈಕಿನ ಭಾರದ ಹೆಲ್ಮೆಟ್ಟನ್ನು ಏಪ್ರಿಲ್ ಬಿಸಿಲಿನಲ್ಲಿ ಹೇರಿಕೊಂಡು ಪೆಡಲ್ ತುಳಿಯುವುದು ಆಗದ ಮಾತು. ಸೈಕಲ್ಲಿಗೆಂದೇ ಮಾಡಿದ, ಗಾಳಿಕಿಂಡಿಗಳಿರುವ, ಕಾಲು ಕಿಲೋ ಆಸುಪಾಸಿನ ಹಗುರ ಹೆಲ್ಮೆಟ್ ಸಾಕು. ರಾತ್ರಿಯ ಸವಾರಿಗೆ ಹಿಂದೊಂದು ಕೆಂಪು ದೀಪ, ಹಿಡಿತವಿರುವ ಬ್ರೇಕು ಹೆಲ್ಮೆಟ್ಟಿನಷ್ಟೇ ಅಗತ್ಯ. ಅಪಘಾತವೇ ಆಗದಂತೆ ನೋಡಿಕೊಳ್ಳುವವು ಅವೇ.

ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲೇ ಸ್ಥಾನ ಪಡೆಯಿತು. ನಗರದ ಜಾಣ್ಮೆಯನ್ನು ಅಳೆಯಲು ಒಂದು ಸರಳ ಅಳತೆಗೋಲಿದೆ. ನಿಟ್ಟುವಳ್ಳಿಯ ತಾಯಿಯೊಬ್ಬಳು ಹನ್ನೆರಡರ ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳಿಸಿ, ಸಂಜೆಯವರೆಗೆ ನೆಮ್ಮದಿಯಿಂದ ಇರಬಲ್ಲಳೇ? ಆ ಮಗುವಿನ ತಲೆಗೆ ಹೆಲ್ಮೆಟ್ ಇಡುವುದು ಮನೆಯವರ ಕೆಲಸ. ಲಾರಿಗೂ ಅವಳಿಗೂ ನಡುವೆ ಅಂತರ ಇಡುವುದು ಊರಿನ ಕೆಲಸ. ಮನೆಯವರಿಗೆ ಅವರ ಕೆಲಸ ನೆನಪಿಸುವ ಊರು ತನ್ನ ಪಾಲಿನದನ್ನು ಮರೆಯುವಂತಿಲ್ಲ.